ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆಯಿಂದ ಸಿಗಬೇಕಾದ ನೆರವು: ಜೂನ್‌ನಲ್ಲೇ ಕೇಳಿ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂದ ಮೇಲೆ ಹೈಸ್ಕೂಲಿನ ಬಾಗಿಲಿಗೆ ಓಡಿ ಬರುವ ಅಪ್ಪ ಅಮ್ಮಂದಿರು ಪ್ರತಿ ವರ್ಷವೂ ಇರುತ್ತಾರೆ. ಸಂತೆಬಾಚಹಳ್ಳಿಯಲ್ಲೂ ಅಷ್ಟೆ, ಕಿಕ್ಕೇರಿಯಲ್ಲೂ ಅಷ್ಟೆ, ಕೆ.ಆರ್. ಪೇಟೆ ಪಟ್ಟಣದಲ್ಲೂ ಅಷ್ಟೆ. "ಹೆಂಗಾದ್ರೂ ಮಾಡಿ ಪಾಸ್ ಮಾಡ್ಸಿ ಮೇಷ್ಟ್ರೇ" ಎನ್ನುತ್ತಾರೆ. ಆಗ ಪರೀಕ್ಷೆಗೆ ಹೆಚ್ಚೆಂದರೆ ಒಂದೆರಡು ತಿಂಗಳು ಉಳಿದಿರುತ್ತದೆ. ಆ ಮಗು ಹಿಂದೆ ಬಿದ್ದದ್ದು ಮಾತ್ರ ಆ ವರ್ಷ ಅಲ್ಲ. ಎರಡನೆಯದೋ ಮೂರನೆಯದೋ ತರಗತಿಯಲ್ಲಿ ಒತ್ತಕ್ಷರ ಬಾಯಿಗೆ ಹತ್ತದೆ ಹೋಯಿತು, ಸಾಲ ಪಡೆದು ಕಳೆಯುವ ಲೆಕ್ಕ ತಲೆಗೆ ಹೋಗದೆ ಉಳಿಯಿತು. ಆಮೇಲೆ ಪ್ರತಿ ವರ್ಷ ತರಗತಿ ಮುಂದೆ ಹೋಯಿತು, ಮಗು ಅಲ್ಲೇ ನಿಂತಿತು.

ಇಂಥ ಮಕ್ಕಳಿಗೆ ನೆರವು ಇಲ್ಲವೆಂದಲ್ಲ. ಕಾನೂನಿನಲ್ಲಿದೆ, ಇಲಾಖೆಯ ಸುತ್ತೋಲೆಗಳಲ್ಲಿದೆ, ಶಾಲೆಯ ಕೆಲಸದ ಪಟ್ಟಿಯಲ್ಲೂ ಇದೆ. ಆದರೆ ಒಬ್ಬಿಬ್ಬರು ಶಿಕ್ಷಕರು ಎಲ್ಲ ತರಗತಿಗಳನ್ನೂ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್‌ಗೆ ಮಾಹಿತಿ ತುಂಬಿ, ಸಮೀಕ್ಷೆಗೂ ಓಡುವ ಹಳ್ಳಿಯ ಶಾಲೆಯಲ್ಲಿ, ಮನೆಯವರು ಬಂದು ಕೇಳಿದ ಮಗುವಿನ ಕಡೆಗೆ ಗಮನ ಮೊದಲು ಹರಿಯುತ್ತದೆ. ಅದು ಮೇಷ್ಟ್ರ ತಪ್ಪೆಂದು ಹೇಳಲಾರೆ. ಹಾಗಾಗಿ ಕೇಳುವುದು ಹೇಗೆ, ಯಾರನ್ನು, ಯಾವಾಗ ಎಂಬುದನ್ನು ಹೋಬಳಿಯ ಪ್ರತಿ ಪೋಷಕರೂ ತಿಳಿದಿರಬೇಕು.

ಯಾರ ಹೊಣೆ, ಯಾವ ಕಚೇರಿ

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಎನ್ನುವಷ್ಟು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 24ನೇ ಕಲಂ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ ಎಂದು ಅದು ಹೇಳುತ್ತದೆ. ಪೋಷಕರ ಸಭೆ ಕರೆದು ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದೂ ಅದೇ ಕಲಮಿನಲ್ಲಿ ಬರುವ ಕರ್ತವ್ಯ. 28ನೇ ಕಲಂ ಪ್ರಕಾರ ಯಾವ ಶಿಕ್ಷಕರೂ ಖಾಸಗಿಯಾಗಿ ಟ್ಯೂಷನ್ ಮಾಡುವಂತಿಲ್ಲ. ಹಿಂದುಳಿದ ಮಗುವಿಗೆ ಕೊಡಬೇಕಾದ ಹೆಚ್ಚುವರಿ ಪಾಠ ಶಾಲೆಯೊಳಗೇ, ದುಡ್ಡಿಲ್ಲದೆ ಸಿಗಬೇಕು. ಖಾಸಗಿ ಶಾಲೆಯ ಶಿಕ್ಷಕರಿಗೂ ಈ ಎರಡೂ ಅನ್ವಯಿಸುತ್ತವೆ.

ಶಾಲೆ ಬಿಟ್ಟು ಮತ್ತೆ ಬಂದ ಮಗುವಿಗೆ 4ನೇ ಕಲಂ ಇದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಆ ತರಗತಿಯ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಕಬ್ಬು ಕಡಿಯಲು ಮಂಡ್ಯ ಜಿಲ್ಲೆಗೆ ಬಂದು ಟೆಂಟ್ ಹಾಕುವ ಕುಟುಂಬಗಳ ಮಕ್ಕಳಿಗೂ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ವಾಪಸಾದವರ ಮಕ್ಕಳಿಗೂ ಇದು ಸಲ್ಲುತ್ತದೆ. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ದಾಖಲಾತಿ ನಿಲ್ಲಿಸುವಂತಿಲ್ಲ.

ಇನ್ನು ಕಚೇರಿಗಳ ಸಾಲು. ಸಂತೆಬಾಚಹಳ್ಳಿ ಕೆ.ಆರ್. ಪೇಟೆ ತಾಲ್ಲೂಕಿನ ಆರು ಹೋಬಳಿಗಳಲ್ಲಿ ಒಂದು. ಶಾಲೆಯಲ್ಲಿ ತರಗತಿ ಶಿಕ್ಷಕರು, ಅವರ ಮೇಲೆ ಮುಖ್ಯಶಿಕ್ಷಕರು. ಹತ್ತಾರು ಶಾಲೆಗಳಿಗೆ ಒಂದರಂತೆ ಕ್ಲಸ್ಟರ್, ಅಲ್ಲೊಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ತಾಲ್ಲೂಕಿಗೆ ಕೆ.ಆರ್. ಪೇಟೆಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಶಿಕ್ಷಕರಿಗೆ ತರಬೇತಿ, ಬೋಧನೆಗೆ ಬೆಂಬಲ ಕೊಡಲು ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಜಿಲ್ಲೆಗೆ ಮಂಡ್ಯದಲ್ಲಿ ಉಪನಿರ್ದೇಶಕರು, ಅವರ ಕೆಳಗೆ ಎಂಟು ಶೈಕ್ಷಣಿಕ ವಲಯಗಳು. ಮಂಡ್ಯ ತಾಲ್ಲೂಕೊಂದೇ ಉತ್ತರ, ದಕ್ಷಿಣ ಎಂದು ಎರಡಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಪೋಷಕರಿಗೂ ದಾರಿ ಇದೇ, ಬಿಇಒ ಕಚೇರಿ ಮಾತ್ರ ಬೇರೆ. ಮಗುವಿನ ಓದಿನ ವಿಷಯಕ್ಕೆ ನೇರವಾಗಿ ಮಂಡ್ಯಕ್ಕೆ ಹೋಗುವ ಅಗತ್ಯ ಬಹಳ ಕಡಿಮೆ. ಸಿಆರ್‌ಪಿಯವರ ಹೆಸರು, ಮೊಬೈಲ್ ನಂಬರು ಮುಖ್ಯಶಿಕ್ಷಕರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಶಾಲೆಯಿಂದ ಶಾಲೆಗೆ ಓಡಾಡುವವರು ಅವರೇ.

ಮನೆಯಲ್ಲೇ ಒಂದು ಸಂಜೆ ನೋಡಿ

ಶಾಲೆಗೆ ಹೋಗುವ ಮೊದಲು ಮಗು ಎಲ್ಲಿ ನಿಂತಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಹೆಚ್ಚು ಓದಿರದ ಅಮ್ಮನೂ ಇದನ್ನು ಮಾಡಬಹುದು. ಐದನೇ ತರಗತಿಯ ಮಗು ಎಂದುಕೊಳ್ಳಿ. ಅದರ ಕೈಗೆ ಎರಡನೇ ತರಗತಿಯ ಕನ್ನಡ ಪುಸ್ತಕ ಕೊಡಿ, ಮಗು ಬಾಯಿಪಾಠ ಮಾಡಿರದ ಒಂದು ಪುಟ ತೆಗೆಯಿರಿ. ಜೋರಾಗಿ ಓದಲಿ. ನಡುವೆ ತಿದ್ದಬೇಡಿ, ಗದರಬೇಡಿ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತದೆಯೋ, ಪದವನ್ನು ಒಂದೇ ಸಲಕ್ಕೆ ಓದುತ್ತದೆಯೋ ಗಮನಿಸಿ. ಎಲ್ಲಿ ನಿಲ್ಲುತ್ತದೆ? "ಅಮ್ಮ", "ಅಕ್ಕ" ಸಲೀಸಾಗಿ ಓದಿ "ರಾಷ್ಟ್ರ", "ಶಾಸ್ತ್ರ" ಬಂದಾಗ ಕಣ್ಣು ಪುಸ್ತಕದಿಂದ ಮೇಲೆದ್ದರೆ ಒತ್ತಕ್ಷರದ ತೊಂದರೆ. "ಕೋಟಿ"ಯನ್ನು "ಕೊಟಿ" ಎಂದು ಓದಿದರೆ ಕಾಗುಣಿತದ ದೀರ್ಘ ಇನ್ನೂ ಕೂತಿಲ್ಲ. ಓದಿದ ಮೇಲೆ ಪುಸ್ತಕ ಮುಚ್ಚಿ, "ಏನಿತ್ತು ಅದ್ರಲ್ಲಿ, ಹೇಳು ಮಗ" ಎಂದು ಕೇಳಿ. ಪದ ಓದಿಯೂ ಕಥೆ ಹೇಳಲಾಗದಿದ್ದರೆ ಅದು ಇನ್ನೊಂದು ತೊಂದರೆ, ಅದಕ್ಕೆ ಬೇರೆಯದೇ ನೆರವು ಬೇಕು.

ಇಲ್ಲಿ ಒಂದು ಎಚ್ಚರ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲಿಗೆ ಆಲು, ಹಣ್ಣಿಗೆ ಅಣ್ಣು, ಹೋಗ್ತೀನಿ ಎನ್ನಲು ಓಗ್ತೀನಿ ಎನ್ನುತ್ತಾರೆ. ಮಗು "ಹುಲ್ಲು" ಎಂದಿರುವುದನ್ನು "ಉಲ್ಲು" ಎಂದು ಓದಿದರೆ ಅದು ಓದಲು ಬಾರದ ಲಕ್ಷಣವಲ್ಲ. ಮನೆಯ ಮಾತು ನಾಲಗೆಯಲ್ಲಿದೆ, ಅಷ್ಟೆ. ಬರೆಯುವಾಗ ಹಕಾರ ಬಿಟ್ಟರೆ ನಿಧಾನವಾಗಿ ತಿದ್ದಬೇಕು. ಅದಕ್ಕಾಗಿ ನಗಬಾರದು, ದಡ್ಡ ಎನ್ನಬಾರದು. ಹಾಗೆ ನಕ್ಕದ್ದಕ್ಕೇ ತರಗತಿಯಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದ ಮಕ್ಕಳಿದ್ದಾರೆ.

ಲೆಕ್ಕಕ್ಕೆ ಎರಡೇ ಪ್ರಶ್ನೆ ಸಾಕು. ಮುನ್ನೂರ ನಾಲ್ಕು ಬರೆಯಲು ಹೇಳಿ. 3004 ಎಂದು ಬರೆದರೆ ಬಿಡಿ, ಹತ್ತು, ನೂರರ ಸ್ಥಾನ ತಿಳಿದಿಲ್ಲ. ಆಮೇಲೆ 52ರಲ್ಲಿ 27 ಕಳೆಯಲು ಹೇಳಿ. ಉತ್ತರ 35 ಬಂದರೆ ಬೈಯುವ ಮೊದಲು ಅದು ಹೇಗೆ ಬಂತೆಂದು ನೋಡಿ. ಮಗು ಐದರಲ್ಲಿ ಎರಡು ಕಳೆದು ಮೂರು ಬರೆದಿದೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು ಐದು ಬರೆದಿದೆ. ಮಗುವಿಗೆ ಕಳೆಯುವುದು ಗೊತ್ತು, ದಶಕ ಬಿಡಿಸಿ ಬಿಡಿಗೆ ಸೇರಿಸುವುದು ಗೊತ್ತಿಲ್ಲ. ಕಡ್ಡಿ ಕಟ್ಟಿಟ್ಟುಕೊಂಡು ಒಂದು ಕಟ್ಟು ಬಿಚ್ಚಿ ತೋರಿಸುತ್ತ ಕೆಲವು ದಿನ ಕೂತರೆ ಸರಿಹೋಗುವ ತಪ್ಪು ಇದು. ಹಾಗೇ ಬಿಟ್ಟರೆ ಎಂಟನೇ ತರಗತಿಯ ಬೀಜಗಣಿತದವರೆಗೂ ಜೊತೆಗೇ ಬರುತ್ತದೆ.

ಮಗು ಓದಿದ್ದು, ಬರೆದದ್ದು, ನಿಂತ ಜಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಶಾಲೆಗೆ ಹೋಗಿ. "ನಮ್ಮುಡ್ಗ ಓದಲ್ಲ ಮೇಷ್ಟ್ರೇ" ಎಂದರೆ ಮೇಷ್ಟ್ರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. "ಒತ್ತಕ್ಷರ ಬಂದ್ರೆ ನಿಂತೋಗ್ತಾನೆ, ಸಾಲ ತಗೊಳೋ ಲೆಕ್ಕ ಬರಲ್ಲ" ಎಂದರೆ ಅಲ್ಲಿಂದಲೇ ಕೆಲಸ ಶುರುವಾಗುತ್ತದೆ.

ಜೂನ್ ತಿಂಗಳ ಸೇತುಬಂಧ

ಕರ್ನಾಟಕದ ಶಾಲೆಗಳಲ್ಲಿ ವರ್ಷದ ಮೊದಲ ವಾರಗಳು ಸೇತುಬಂಧಕ್ಕೆ ಮೀಸಲು. ಹಿಂದಿನ ತರಗತಿಯಲ್ಲಿ ಕಲಿತಿರಬೇಕಾದದ್ದು ಮಗುವಿಗೆ ಬಂದಿದೆಯೇ ಎಂದು ಪೂರ್ವ ಪರೀಕ್ಷೆ ಮಾಡುತ್ತಾರೆ, ಬಾರದ್ದನ್ನು ಕಲಿಸುತ್ತಾರೆ, ಕೊನೆಗೆ ಸಾಫಲ್ಯ ಪರೀಕ್ಷೆ ಮಾಡುತ್ತಾರೆ. ಆಮೇಲೆಯೇ ಆ ವರ್ಷದ ಪಾಠ. ಸಾಫಲ್ಯ ಪರೀಕ್ಷೆಯಲ್ಲೂ ಹಿಂದೆ ಉಳಿದ ಮಕ್ಕಳ ಪಟ್ಟಿ ಮಾಡಿ, ವರ್ಷವಿಡೀ ಪರಿಹಾರ ಬೋಧನೆ ಕೊಡಬೇಕು. ಯೋಜನೆ ಚೆನ್ನಾಗಿದೆ. ಶಿಕ್ಷಕರ ಕೊರತೆ ಇರುವಲ್ಲಿ ಸೇತುಬಂಧ ದಾಖಲೆಗೆ ಮುಗಿದು, ಜುಲೈಗೆ ಪಾಠ ಓಡತೊಡಗುತ್ತದೆ.

ನೀವು ಹೋಗಬೇಕಾದ ಹೊತ್ತು ಇದೇ. ಸಾಫಲ್ಯ ಪರೀಕ್ಷೆ ಮುಗಿದ ವಾರ ಹೋಗಿ, ಮಗುವಿನ ಎರಡೂ ಉತ್ತರ ಪತ್ರಿಕೆ ತೋರಿಸಲು ಕೇಳಿ. ಪರಿಹಾರ ಬೋಧನೆಯ ಪಟ್ಟಿಯಲ್ಲಿ ಮಗುವಿನ ಹೆಸರಿದೆಯೇ, ವಾರದಲ್ಲಿ ಯಾವ ದಿನ, ಯಾವ ಅವಧಿಯಲ್ಲಿ ಅದು ನಡೆಯುತ್ತದೆ, ಯಾರು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ. ಆಟದ ಅವಧಿ ಕಿತ್ತುಕೊಂಡು ಪರಿಹಾರ ಬೋಧನೆ ಮಾಡುತ್ತಿದ್ದರೆ ಬೇಡವೆನ್ನಿ. ಇಡೀ ದಿನ ತಿಳಿಯದ ಪಾಠದ ಮುಂದೆ ಕೂತ ಮಗುವಿಗೆ ಆ ಆಟವೂ ಇಲ್ಲದಿದ್ದರೆ ಶಾಲೆಗೆ ಬರುವ ಮನಸ್ಸೇ ಹೋಗುತ್ತದೆ.

ಮಾತಿನಲ್ಲಿ ಕೇಳಿದ್ದು ನಡೆಯದಿದ್ದರೆ ಬರೆದು ಕೊಡಿ. ಪತ್ರ ದೊಡ್ಡದಾಗಬೇಕಿಲ್ಲ:

"ಮುಖ್ಯಶಿಕ್ಷಕರಿಗೆ, ನನ್ನ ಮಗಳು ನಿಮ್ಮ ಶಾಲೆಯ 5ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಎರಡನೇ ತರಗತಿಯ ಪಠ್ಯವನ್ನು ಓದಲು ಅವಳಿಗೆ ಕಷ್ಟವಾಗುತ್ತಿದೆ, ದಶಕ ಬಿಡಿಸಿ ಕಳೆಯುವ ಲೆಕ್ಕ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಅವಳಿಗೆ ಹೆಚ್ಚುವರಿ ಬೋಧನೆ ಕೊಡಬೇಕೆಂದೂ, ಅದರ ವೇಳೆಯನ್ನು ನನಗೆ ತಿಳಿಸಬೇಕೆಂದೂ ಕೋರುತ್ತೇನೆ. ಮನೆಯಲ್ಲಿ ನಾವು ಏನು ಮಾಡಬೇಕೆಂದು ಹೇಳಿದರೆ ಮಾಡುತ್ತೇವೆ."

ಎರಡು ಪ್ರತಿ ಮಾಡಿ. ಒಂದಕ್ಕೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ. ಕೊನೆಯ ಸಾಲನ್ನು ಬಿಡಬೇಡಿ. ಅದಿದ್ದರೆ ಪತ್ರ ದೂರಿನಂತೆ ಕಾಣುವುದಿಲ್ಲ. ಒಂದು ತಿಂಗಳಾದರೂ ಏನೂ ನಡೆಯದಿದ್ದರೆ ಅದೇ ಪ್ರತಿಯನ್ನು ಸಿಆರ್‌ಪಿಗೂ, ಆಮೇಲೆ ಬಿಇಒ ಕಚೇರಿಗೂ ಕೊಡಿ. ಕಾಯ್ದೆಯಡಿ ಲಿಖಿತ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅದಕ್ಕೂ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಅಷ್ಟು ದೂರ ಹೋಗಬೇಕಾಗುವುದು ಅಪರೂಪ.

ವರ್ಷದ ಮಧ್ಯೆ ಗಮನಿಸಲು ಇನ್ನೂ ಸಂದರ್ಭಗಳಿವೆ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಸಂಕಲನಾತ್ಮಕ ಮೌಲ್ಯಮಾಪನದ ನಂತರ "ಸಮುದಾಯದತ್ತ ಶಾಲೆ" ಎಂದು ಪೋಷಕರನ್ನು ಕರೆದು ಉತ್ತರ ಪತ್ರಿಕೆ, ಪ್ರಗತಿ ಪತ್ರ ತೋರಿಸುತ್ತಾರೆ. ಸಹಿ ಹಾಕಿ ಬರುವ ದಿನವೆಂದು ತಿಳಿಯಬೇಡಿ. ಗ್ರೇಡ್ ನೋಡುವುದಕ್ಕಿಂತ ಉತ್ತರ ಪತ್ರಿಕೆ ಬಿಡಿಸಿ ನೋಡಿ, ಮಗು ಸ್ವಂತವಾಗಿ ಬರೆದ ಒಂದು ವಾಕ್ಯವಾದರೂ ಇದೆಯೇ ಹುಡುಕಿ. ಕೂಲಿ ಬಿಟ್ಟು ಬರಲಾಗದಿದ್ದರೆ ಅಜ್ಜನೋ ಚಿಕ್ಕಪ್ಪನೋ ಹೋಗಲಿ, ಖಾಲಿ ಬಿಡಬೇಡಿ.

ಇಲಾಖೆಯ ಕಾರ್ಯಕ್ರಮಗಳ ಹೆಸರು ಬದಲಾಗುತ್ತಲೇ ಇರುತ್ತವೆ, ಹೆಸರಿಗೆ ಗಾಬರಿಯಾಗಬೇಡಿ. ಒಂದರಿಂದ ಮೂರನೇ ತರಗತಿಯ ನಲಿಕಲಿ 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು. ಪ್ರತಿ ಮಗು ತನ್ನ ವೇಗದಲ್ಲೇ ಮೆಟ್ಟಿಲು ಹತ್ತಲಿ ಎಂಬುದು ಅದರ ತಿರುಳು. ಮಗು ಯಾವ ಮೆಟ್ಟಿಲಿನಲ್ಲಿದೆ, ಎಷ್ಟು ದಿನದಿಂದ ಅಲ್ಲೇ ಇದೆ ಎಂದು ಕೇಳಿದರೆ ಶಿಕ್ಷಕರು ಪ್ರಗತಿ ನೋಟ ತೋರಿಸುತ್ತಾರೆ. ನಾಲ್ಕು, ಐದನೇ ತರಗತಿಗೆ ಓದು ಕರ್ನಾಟಕ ಬಂತು, ಗಣಿತಕ್ಕೆ ಕಲಿಕಾ ಆಂದೋಲನದ ಕಿಟ್ ಬಂತು. ಕೊರೊನಾದಿಂದ ಶಾಲೆ ಮುಚ್ಚಿದ್ದ ನಷ್ಟ ತುಂಬಲು 2022–23ನ್ನು ಇಡೀ ರಾಜ್ಯ ಕಲಿಕಾ ಚೇತರಿಕೆ ವರ್ಷವೆಂದು ನಡೆಸಿತು. ಆಮೇಲೆ ಮರುಸಿಂಚನ ಬಂತು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಓದು, ಬರಹ, ಸರಳ ಲೆಕ್ಕ ಬಂದಿರಬೇಕೆಂಬ ಕೇಂದ್ರದ ನಿಪುಣ ಭಾರತ 2021ರ ಜುಲೈನಲ್ಲಿ ಶುರುವಾಯಿತು, ಅದರ ಗುರಿಯ ವರ್ಷ 2026–27. ಈ ವರ್ಷ ಯಾವ ಹೆಸರಿನಲ್ಲಿ ನಡೆಯುತ್ತಿದ್ದರೂ ನಿಮ್ಮ ಪ್ರಶ್ನೆ ಒಂದೇ ಇರಲಿ: ನನ್ನ ಮಗುವಿಗೆ ಅದರಡಿ ವಾರಕ್ಕೆ ಎಷ್ಟು ಅವಧಿ?

ಗಣಿತದ ಕಿಟ್ ಪೆಟ್ಟಿಗೆ ಎಷ್ಟೋ ಶಾಲೆಗಳಲ್ಲಿ ಬೀರುವಿನೊಳಗೆ ಹೊಸದಾಗಿಯೇ ಇದೆ. ಕಳೆದುಹೋದರೆ ಲೆಕ್ಕ ಕೊಡಬೇಕೆಂಬ ಭಯ ಶಿಕ್ಷಕರಿಗೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, "ಮಕ್ಕಳು ಬಳಸಿ ಸವೆದರೆ ನಾವು ಪ್ರಶ್ನಿಸುವುದಿಲ್ಲ" ಎಂದು ಒಂದು ನಿರ್ಣಯ ಬರೆದುಕೊಟ್ಟರೆ ಆ ಭಯ ಹೋಗುತ್ತದೆ.

ಕಣ್ಣು, ಕಿವಿ, ರಕ್ತ

ಓದಿನ ತೊಂದರೆ ಎಂದುಕೊಂಡದ್ದು ಕಣ್ಣಿನ ತೊಂದರೆಯಾಗಿರುವುದು ಉಂಟು. ಬೋರ್ಡಿನ ಮೇಲಿನದನ್ನು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ಮಗು, ಟಿವಿಗೆ ಮೂಗು ತಾಗಿಸಿ ಕೂರುವ ಮಗುವಿಗೆ ಮೊದಲು ಕಣ್ಣು ಪರೀಕ್ಷೆ. ಕಿವಿ ಸೋರುವುದನ್ನು ನಮ್ಮಲ್ಲಿ ನೆಗಡಿಯಷ್ಟೇ ಹಗುರವಾಗಿ ನೋಡುತ್ತಾರೆ. ಸೋರುವ ಕಿವಿಯ ಮಗುವಿಗೆ ಮೇಷ್ಟ್ರ ಮಾತು ಅರ್ಧ ಕೇಳುತ್ತದೆ, ಉಕ್ತಲೇಖನ ತಪ್ಪುತ್ತದೆ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡಬೇಕಾದ ಪಟ್ಟಿಯಲ್ಲಿ ದೃಷ್ಟಿದೋಷ, ಕಿವುಡು, ಕಿವಿ ಸೋಂಕು, ರಕ್ತಹೀನತೆ ಇವೆ, ಕಲಿಕಾ ತೊಂದರೆಯೂ ಇದೆ. ತಂಡ ಬರುವ ದಿನ ಯಾವುದೆಂದು ಶಾಲೆಯಲ್ಲಿ ಕೇಳಿಟ್ಟುಕೊಂಡು ಆ ದಿನ ಮಗುವನ್ನು ತಪ್ಪದೆ ಕಳಿಸಿ. ಮುಂದಿನ ಚಿಕಿತ್ಸೆಗೆ ಚೀಟಿ ಬರೆದುಕೊಟ್ಟರೆ ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಮರೆಯಬೇಡಿ, ಆ ಚೀಟಿ ಹಿಡಿದು ಕೆ.ಆರ್. ಪೇಟೆಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟ ಆದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ರಕ್ತ ಕಡಿಮೆಯಿರುವ ಹುಡುಗಿ ಮಧ್ಯಾಹ್ನದ ಗಣಿತದಲ್ಲಿ ತೂಕಡಿಸಿದರೆ ಸೋಮಾರಿ ಎನಿಸಿಕೊಳ್ಳುತ್ತಾಳೆ, ಅನ್ಯಾಯ ಅದು.

ಎಷ್ಟು ಹೇಳಿಕೊಟ್ಟರೂ ಅಕ್ಷರ ನಿಲ್ಲದಿದ್ದರೆ

ಕಣ್ಣು, ಕಿವಿ ಸರಿಯಿದೆ. ಮಗು ಶಾಲೆ ತಪ್ಪಿಸಿಲ್ಲ. ಪರಿಹಾರ ಬೋಧನೆ ತಿಂಗಳುಗಟ್ಟಲೆ ನಡೆದಿದೆ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತದೆ, ಹಸು ಕರು ಲೆಕ್ಕ, ಅಂಗಡಿ ಚಿಲ್ಲರೆ ಲೆಕ್ಕ ಎಲ್ಲ ಗೊತ್ತು. ಓದು ಎಂದರೆ ಮಾತ್ರ ನಿನ್ನೆ ಗುರುತಿಸಿದ ಅಕ್ಷರ ಇವತ್ತು ಗೊತ್ತಿಲ್ಲ. ಇಂಥ ಮಗುವಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಅದೂ ಒಂದು.

ಇದನ್ನು ಮೇಷ್ಟ್ರಾಗಲಿ ನೆರೆಮನೆಯವರಾಗಲಿ ತೀರ್ಮಾನಿಸುವಂತಿಲ್ಲ, ಪರೀಕ್ಷೆ ಆಗಬೇಕು. ಕೆ.ಆರ್. ಪೇಟೆಯ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣಕ್ಕೆಂದು ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಮೊದಲು ಅವರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ. ಮಾತು, ಶ್ರವಣ, ಕಲಿಕೆ ಮೂರನ್ನೂ ಅಲ್ಲಿ ಕನ್ನಡದಲ್ಲೇ ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲೂ ಪರೀಕ್ಷೆಯಿದೆ. ಎಂಟು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಪ್ರಮಾಣಪತ್ರ ಕೊಡುವುದಿಲ್ಲ, ಆದರೆ ನೆರವು ಶುರುಮಾಡಲು ಪ್ರಮಾಣಪತ್ರಕ್ಕೆ ಕಾಯಬೇಕಿಲ್ಲ. ಹೋಗುವಾಗ ಎರಡು ಮೂರು ವರ್ಷದ ನೋಟುಪುಸ್ತಕ, ಉತ್ತರ ಪತ್ರಿಕೆ, ಪ್ರಗತಿ ಪತ್ರ, ಶಾಲೆಯಿಂದ ಒಂದು ಪತ್ರ, ಆಧಾರ್ ಜೊತೆಗಿರಲಿ. ಒಂದೇ ದಿನದಲ್ಲಿ ಮುಗಿಯುತ್ತದೆಂದು ಹೋಗಬೇಡಿ.

ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಭಾಷೆಯ ವಿಷಯದಲ್ಲಿ ಕೆಲವು ರಿಯಾಯಿತಿ ಕೇಳಬಹುದು. ಅರ್ಜಿ ಮುಖ್ಯಶಿಕ್ಷಕರ ಮೂಲಕವೇ ಮಂಡಳಿಗೆ ಹೋಗಬೇಕು, ಅದೂ ಪರೀಕ್ಷೆಗೆ ತಿಂಗಳುಗಳ ಮುಂಚೆ. ಒಂಬತ್ತನೇ ತರಗತಿಯಲ್ಲೇ ಕಾಗದಪತ್ರ ಸಿದ್ಧವಿದ್ದರೆ ನೆಮ್ಮದಿ.

ಹತ್ತನೇ ತರಗತಿ

2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿಯೂ ಶೇ. 73.40ಕ್ಕೆ ಇಳಿಯಿತು. 2025ರ ಪರೀಕ್ಷೆ-1ರಲ್ಲಿ ಶೇ. 62.34. ಒಂದೆರಡು ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಲಿಲ್ಲ. ಕೆಳಗಿನ ತರಗತಿಗಳಲ್ಲಿ ಕಲಿಯದೆ ಉಳಿದದ್ದು ಈಗ ಲೆಕ್ಕಕ್ಕೆ ಸಿಕ್ಕಿತು.

ಹೈಸ್ಕೂಲುಗಳಲ್ಲಿ ನಡೆಯುವ ಪ್ರಯತ್ನ ಕಡಿಮೆಯೇನಲ್ಲ. ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಗುಂಪು ಅಧ್ಯಯನ, ಒಬ್ಬೊಬ್ಬ ಶಿಕ್ಷಕರು ಕೆಲವು ಮಕ್ಕಳನ್ನು ದತ್ತು ತೆಗೆದುಕೊಳ್ಳುವುದು, ಮನೆ ಭೇಟಿ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವುದು, ಸರಣಿ ಪರೀಕ್ಷೆ. ಜನವರಿ ಹೊತ್ತಿಗೆ ಪಾಸಿಂಗ್ ಪ್ಯಾಕೇಜ್ ಕೈಗೆ ಬರುತ್ತದೆ: ನಕ್ಷೆ, ಸುಲಭ ಪ್ರಮೇಯ, ಪತ್ರಲೇಖನ, ಕಂಠಪಾಠದ ಪದ್ಯ, ವಿಜ್ಞಾನದ ಚಿತ್ರಗಳು. ಕೊನೆ ಗಳಿಗೆಯಲ್ಲಿ ಅದು ಬೇಕು, ಬೇಡವೆನ್ನುವುದು ಮಗುವಿಗೆ ದ್ರೋಹ. ಆದರೆ ಓದಲು ಬಾರದ ಮಗುವಿಗೆ ಪಾಸಿಂಗ್ ಪ್ಯಾಕೇಜನ್ನೂ ಓದಲು ಬರುವುದಿಲ್ಲ. ಎಂಟನೇ ತರಗತಿಗೆ ಸೇರಿದ ಜೂನ್‌ನಲ್ಲೇ ಹೈಸ್ಕೂಲಿನ ಮುಖ್ಯಶಿಕ್ಷಕರಿಗೆ ಮಗುವಿನ ಓದಿನ ಮಟ್ಟ ಮುಚ್ಚುಮರೆಯಿಲ್ಲದೆ ಹೇಳಿಬಿಡಿ. ಮೂರು ವರ್ಷ ಸಿಗುತ್ತದೆ.

ಅಂಕದ ಲೆಕ್ಕ ಮನೆಯವರಿಗೂ ಗೊತ್ತಿರಲಿ. ಒಟ್ಟು 625: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ. ತೇರ್ಗಡೆಗೆ ಬೇಕಾದ ಒಟ್ಟು ಅಂಕವನ್ನು ಸರ್ಕಾರ 2025–26ರಿಂದ ಶೇ. 35ರ ಬದಲು 33ಕ್ಕೆ ಇಳಿಸಿದೆ. ಅಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಇರಬೇಕು. ಆಂತರಿಕ ಅಂಕ ವರ್ಷವಿಡೀ ಬರೆದ ಕಿರುಪರೀಕ್ಷೆ, ಮಾಡಿದ ಚಟುವಟಿಕೆಯಿಂದ ಬರುವಂಥದ್ದು. ಕಟಾವಿಗೆಂದೋ ಹಬ್ಬಕ್ಕೆಂದೋ ಮಗುವನ್ನು ವಾರಗಟ್ಟಲೆ ಶಾಲೆ ಬಿಡಿಸಿದರೆ ಮೊದಲು ಕೈತಪ್ಪುವುದು ಅದೇ.

ಸಂಜೆ ವಿಶೇಷ ತರಗತಿಗೆ ದೊಡ್ಡ ಅಡ್ಡಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ, ಆದರೆ ಬಸ್ಸೇ ಇಲ್ಲದ ಹೊತ್ತಿಗೆ ತರಗತಿ ಬಿಟ್ಟರೆ ಹುಡುಗಿಯರನ್ನು ಮನೆಯವರು ನಿಲ್ಲಿಸಿಬಿಡುತ್ತಾರೆ. ಶಾಲೆಯ ಪತ್ರದೊಂದಿಗೆ ಕೆಎಸ್‌ಆರ್‌ಟಿಸಿ ಘಟಕಕ್ಕೆ ಹೋಗಿ ಸಮಯ ಹೊಂದಿಸಲು ಕೇಳಬಹುದು. ಆಗದಿದ್ದರೆ ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಹಾಕಿಸಿ.

ಫೇಲಾದರೆ? 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯಬಹುದು, ಹೆಚ್ಚು ಅಂಕ ಬಂದದ್ದು ಉಳಿಯುತ್ತದೆ. ಫಲಿತಾಂಶ ಬಂದ ಮರುದಿನವೇ ಶಾಲೆಗೆ ಹೋಗಿ ಮುಂದಿನ ಪರೀಕ್ಷೆಯ ನೋಂದಣಿ ಕೊನೆಯ ದಿನ, ರಜೆಯ ವಿಶೇಷ ತರಗತಿ ವಿಚಾರಿಸಿ, ದಿನಗಳು ಬಹಳ ಕಡಿಮೆ ಇರುತ್ತವೆ. ಅದರಲ್ಲೂ ಆಗದವರು ಶಾಲೆಗೆ ಮರುದಾಖಲಾಗಿ ಮತ್ತೆ ತರಗತಿಯಲ್ಲಿ ಕೂರಲು ಇಲಾಖೆ ಅವಕಾಶ ಕೊಟ್ಟಿದೆ. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನಸ್ಸು ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಫೇಲಾದ ಹುಡುಗಿಗೆ ಮದುವೆ ಮಾತುಕತೆ ಶುರುವಾದರೆ ಮಕ್ಕಳ ಸಹಾಯವಾಣಿ 1098.

ಊರಿನ ಕಡೆಯಿಂದ

ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, 2020ರ ಓದುವ ಬೆಳಕು ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿದೆ. ಒಂದು ಕಾರ್ಡು ಮಾಡಿಸಿ. ಓದು ಹತ್ತದ ಮಗುವಿಗೆ ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ಕಥೆ ಪುಸ್ತಕ ಪಠ್ಯಕ್ಕಿಂತ ಬೇಗ ಒಗ್ಗುತ್ತದೆ. ಪಠ್ಯಪುಸ್ತಕದ ಪಾಠಗಳಲ್ಲಿರುವ ಕ್ಯೂಆರ್ ಕೋಡನ್ನು ಮೊಬೈಲಿನ ದೀಕ್ಷಾ ಆ್ಯಪಿನಲ್ಲಿ ತೋರಿಸಿದರೆ ಪಾಠದ ವಿಡಿಯೊ ಬರುತ್ತದೆ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ದರೆ ಮಾತ್ರ ಅದರಿಂದ ಉಪಯೋಗ.

ಎಸ್‌ಡಿಎಂಸಿ ಸದಸ್ಯರಿಗೆ ನನ್ನದೊಂದು ಕೋರಿಕೆ. ಕಾಂಪೌಂಡು, ಶೌಚಾಲಯ, ಬಣ್ಣ ಎಲ್ಲ ಬೇಕು, ಅದಕ್ಕೆ ಓಡಾಡಿದ್ದೀರಿ. ಮುಂದಿನ ಸಭೆಯ ನಡಾವಳಿಯಲ್ಲಿ ಇನ್ನೊಂದು ವಿಷಯ ಸೇರಿಸಿ. ನಾಲ್ಕನೇ ತರಗತಿಯಿಂದ ಮೇಲಿನವರಲ್ಲಿ ಎಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ, ಅವರಿಗೆ ವಾರಕ್ಕೆ ಎಷ್ಟು ಗಂಟೆ ಪರಿಹಾರ ಬೋಧನೆ ನಡೆದಿದೆ ಎಂದು ಮುಖ್ಯಶಿಕ್ಷಕರನ್ನು ಕೇಳಿ. ಮಕ್ಕಳ ಹೆಸರು ಸಭೆಯಲ್ಲಿ ಓದಬೇಡಿ, ಸಂಖ್ಯೆ ಸಾಕು. ಶಿಕ್ಷಕರ ಹುದ್ದೆ ಖಾಲಿಯಿರುವುದರಿಂದ ಆಗುತ್ತಿಲ್ಲ ಎಂಬ ಉತ್ತರ ಬಂದರೆ, ಅತಿಥಿ ಶಿಕ್ಷಕರನ್ನು ಕೊಡಿ ಎಂದು ಅದೇ ಸಭೆಯಲ್ಲಿ ನಿರ್ಣಯ ಬರೆದು, ಸಹಿ ಮಾಡಿ, ಕೆ.ಆರ್. ಪೇಟೆಯ ಬಿಇಒ ಕಚೇರಿಗೆ ನೀವೇ ಕೈಯಾರೆ ತಲುಪಿಸಿ ಬನ್ನಿ.